ಫಲಾನುಭವಿಗಳ ಸಾಲಿನಲ್ಲಿ

ಎರಡನೆಯ ಮಗುವಿನ ಸುದ್ದಿಯನ್ನು ಸಮನ್ವಿತಾ ಒಂದು ಶನಿವಾರ ಮಧ್ಯಾಹ್ನ ಹುಳಿ ಅನ್ನ ಕಲಸಿಕೊಳ್ಳುತ್ತಾ ಹೇಳಿದಳು. ಅವಳ ಅಪ್ಪ ಸೀನು ಎಡಗೈಯಲ್ಲಿ ಮಗಳ ತಲೆ ಮುಟ್ಟಿ ಸಂತೋಷಪಟ್ಟ. ಅಳಿಯ ಶ್ರೀಕರ್ ನಾಚಿಕೊಂಡವನ ಹಾಗೆ ಮಜ್ಜಿಗೆ ಕುಡಿದ. ಸತ್ಯಭಾಮಾ "ಒಳ್ಳೇದಾಯ್ತು ಬಿಡಮ್ಮ" ಅಂದು, ಏನಾದರೂ ಸಿಹಿ ಮಾಡಬೇಕಲ್ಲ ಎಂದು ಎದ್ದಳು.

ಅವಳು ರವೆ ಹುರಿದು ಮುಗಿಸುವಷ್ಟರಲ್ಲಿ ಊಟದ ಮೇಜಿನ ಮೇಲೆ ಮುಂದಿನ ಕೆಲವು ವರ್ಷಗಳ ಏರ್ಪಾಟು ಮುಗಿದಿತ್ತು. ಅಟ್ಟದಿಂದ ತೊಟ್ಟಿಲು ಇಳಿಯಬೇಕು. ಹಿಂದಿನ ರೂಮಿನ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಬೇಕು. ಹೆರಿಗೆ ರಜೆ ಮುಗಿದ ಮೇಲೆ ಬೆಳಿಗ್ಗೆ ಇಬ್ಬರನ್ನೂ ಒಟ್ಟಿಗೆ ತಂದು ಬಿಟ್ಟು ಹೋಗುವುದು. "ಒಂದಿದ್ದ ಕಡೆ ಎರಡು. ಅಮ್ಮಂಗೆ ಹೇಗೂ ಅಭ್ಯಾಸ ಇದೆ" ಎಂದು ಸಮನ್ವಿತಾ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ಸತ್ಯಭಾಮಾ ಬಾಣಲೆಗೆ ಬಿಸಿನೀರು ಹಾಕಿದಳು. ಆಮೇಲೆ ಏನಾದರೂ ಮಾತಾಡಿದರೋ ಏನೋ, ಆ ಸದ್ದಿನಲ್ಲಿ ಕೇಳಿಸಲಿಲ್ಲ.

ಮೊದಲನೆಯವಳು ತನ್ಮಯಿ. ನಾಲ್ಕು ವರ್ಷ. ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ದಿನಾ ಬೆಳಿಗ್ಗೆ ಜೆ.ಪಿ. ನಗರದ ಫ್ಲ್ಯಾಟಿನಿಂದ ಜಯನಗರ ಟಿ ಬ್ಲಾಕಿನ ಅಜ್ಜಿಯ ಮನೆಗೆ ಬರುತ್ತಾಳೆ, ಕತ್ತಲಾದ ಮೇಲೆ ಹೋಗುತ್ತಾಳೆ. ನಡುವೆ ಸ್ವಲ್ಪ ಹೊತ್ತು ನರ್ಸರಿ. ರಸ್ತೆಯಲ್ಲಿ ಹೂವಿನವಳು, ಔಷಧಿ ಅಂಗಡಿಯವನು ಎಲ್ಲರೂ ಸತ್ಯಭಾಮಾಳನ್ನು ಈಗ ತನ್ಮಯಿ ಅಜ್ಜಿ ಅನ್ನುತ್ತಾರೆ. ಅದರಲ್ಲಿ ಅವಳಿಗೆ ಬೇಸರವಿರಲಿಲ್ಲ. ಮಗು ಮುದ್ದಾಗಿತ್ತು, ಹೇಳಿದ ಮಾತು ಕೇಳುತ್ತಿತ್ತು, ಕೇಳದಿದ್ದಾಗಲೂ ಮುದ್ದಾಗಿತ್ತು. ಆದರೆ ಬರುವ ಜೂನ್‌ನಲ್ಲಿ ಅದು ಇಡೀ ದಿನದ ಸ್ಕೂಲಿಗೆ ಹೋಗುತ್ತದೆ, ಆಮೇಲೆ ಮಧ್ಯಾಹ್ನಗಳು ತನಗೆ ಬರುತ್ತವೆ ಎಂದು ಸತ್ಯಭಾಮಾ ಒಳಗೊಳಗೇ ಅಂದುಕೊಂಡಿದ್ದಳು.

ಬಂದರೆ ಏನು ಮಾಡುತ್ತೀಯ ಎಂದು ಯಾರಾದರೂ ಕೇಳಿದ್ದರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪಕ್ಕದ ಮನೆಯ ಜಯದೇವಿ ಮೈಸೂರು ಶೈಲಿಯ ಚಿತ್ರ ಬರೆಯುತ್ತಾಳೆ. ಎದುರು ಮನೆಯಾಕೆ ಸಂಸ್ಕೃತ ಪರೀಕ್ಷೆಗೆ ಕೂತಿದ್ದಾಳೆ. ಸತ್ಯಭಾಮಾಗೆ ಬೇಕಾಗಿದ್ದುದು ಊಟವಾದ ಮೇಲೆ ಫ್ಯಾನ್ ಹಾಕಿಕೊಂಡು ಮಂಚದ ಮೇಲೆ ಕಾಲು ಚಾಚುವುದು, ಪಕ್ಕದ ರೂಮಿನ ಕಡೆ ಒಂದು ಕಿವಿ ಇಟ್ಟಿರದೆ ಮಲಗುವುದು, ಅಷ್ಟೆ. ವೀಣೆ ಕಲಿಯಬೇಕು ಅಂದಿದ್ದರೆ ಮನೆಯವರು ಎರಡು ದಿನ ಯೋಚನೆ ಮಾಡಿ ಒಂದು ದಾರಿ ಹುಡುಕುತ್ತಿದ್ದರು. ಏನೂ ಮಾಡದೆ ಇರಬೇಕು ಅನ್ನುವುದನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ.

ಹಾಗೆ ಹೇಳಿದ ಒಬ್ಬರು ಈ ಮನೆಯಲ್ಲಿ ಇದ್ದರು. ಸೀನುವಿನ ತಾಯಿ. ಸಮನ್ವಿತಾ ಹುಟ್ಟಿದಾಗ ಸತ್ಯಭಾಮಾ ಬಸವನಗುಡಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅತ್ತೆ "ಮಗೂನ ನೋಡ್ಕೊಳ್ಳೋದು ನನ್ನ ಕೈಲಾಗಲ್ಲ" ಅಂದುಬಿಟ್ಟರು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಊಟ ಮಾಡಿ, ಕೋಣೆ ಬಾಗಿಲು ಮುಂದಕ್ಕೆ ಹಾಕಿಕೊಂಡು ಮಲಗುತ್ತಿದ್ದರು, ಕಾಫಿ ಹೊತ್ತಿಗೆ ಏಳುತ್ತಿದ್ದರು. ಸತ್ಯಭಾಮಾ ಕೆಲಸ ಬಿಟ್ಟಳು. ಅತ್ತೆ ತೀರಿಕೊಂಡ ಮೇಲೂ ಅವರ ಮಾತು ಬಂದಾಗಲೆಲ್ಲ "ಒಳ್ಳೆಯವರೇ, ಆದ್ರೆ ಸ್ವಲ್ಪ ಕಲ್ಲುಮನಸ್ಸು" ಅನ್ನುತ್ತಿದ್ದಳು. ಈಚೆಗೆ ಹಾಗನ್ನುವುದು ನಿಂತಿತ್ತು. ಯಾವಾಗ ನಿಂತಿತು ಎಂದು ಅವಳಿಗೇ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಊರಿನ ಬಾಯಲ್ಲೆಲ್ಲ ಮಕ್ಕಳ ಭತ್ಯೆಯ ಮಾತಿತ್ತು. ಪ್ರತಿ ಮಗುವಿಗೂ ತಿಂಗಳಿಗೆ ಇಷ್ಟು ಎಂದು ಸರ್ಕಾರ ಕೊಡುತ್ತದಂತೆ. ಕೊಡುವುದಿಲ್ಲವಂತೆ. ಕೊಟ್ಟರೆ ಎಲ್ಲ ಮಕ್ಕಳಿಗೋ ಬಡವರ ಮಕ್ಕಳಿಗೋ, ಎರಡಕ್ಕೆ ನಿಲ್ಲಿಸಬೇಕೋ ಮೂರನೆಯದಕ್ಕೂ ಕೊಡಬೇಕೋ, ತಾಯಿಯ ಖಾತೆಗೋ ತಂದೆಯ ಖಾತೆಗೋ. ಬೆಳಿಗ್ಗೆ ಪಾರ್ಕಿನಲ್ಲಿ ಜೊತೆಯಾಗಿ ನಡೆಯುತ್ತಿದ್ದ ನಿವೃತ್ತರು ಎರಡು ಗುಂಪಾಗಿ, ಒಂದು ಗುಂಪು ಬಲಕ್ಕೂ ಇನ್ನೊಂದು ಎಡಕ್ಕೂ ಸುತ್ತತೊಡಗಿತು. ಪ್ರತಿ ಸುತ್ತಿನಲ್ಲೂ ಎದುರುಬದುರಾಗುತ್ತಿದ್ದರು.

ಬ್ಯಾಂಕಿನಿಂದ ನಿವೃತ್ತನಾದ ಸೀನು ಭತ್ಯೆಗೆ ಪೂರ್ತಿ ವಿರುದ್ಧ. ಬಡವರಿಗೂ ಬೇಡ, ಸಾಹುಕಾರರಿಗೂ ಬೇಡ, ಅಭ್ಯಾಸ ಕೆಡುತ್ತದೆ ಎಂಬುದು ಅವನ ನಿಲುವು. ಬಡಾವಣೆಯ ನಾಗರಿಕ ವೇದಿಕೆಯವರು ಭಾನುವಾರ ಸ್ಕೂಲೊಂದರ ಹಾಲ್‌ನಲ್ಲಿ ಸಾರ್ವಜನಿಕ ಚರ್ಚೆ ಇಟ್ಟು, ಮಾತಾಡಲು ಅವನನ್ನೂ ಕರೆದರು. ಅವನು ವಾರವಿಡೀ ಭಾಷಣ ಅಭ್ಯಾಸ ಮಾಡಿದ. ಕೇಳುವುದಕ್ಕೆ ಬೇರೆ ಯಾರೂ ಸಿಗದೆ ತನ್ಮಯಿಯನ್ನು ದಿವಾನದ ಮೇಲೆ ಕೂರಿಸಿಕೊಂಡ. ವಾರದ ಕೊನೆಗೆ ಮಗು ತನ್ನ ಗೊಂಬೆಗೆ ತುತ್ತು ತಿನ್ನಿಸುತ್ತಾ "ತೆರಿಗೆದಾರರು ಏನು ಮಾಡಬೇಕು?" ಎಂದು ಗದರುತ್ತಿತ್ತು.

"ನೀನೂ ಬಾ, ಸತ್ಯ" ಎಂದ ಸೀನು. "ವಿಡಿಯೋ ತೆಗೀಬೇಕು. ನನ್ನ ಸರದಿ ಬಂದ ತಕ್ಷಣ ಶುರು ಮಾಡು. ಮಧ್ಯದಲ್ಲಿ ಶುರು ಮಾಡಿದ್ರೆ ವಾದ ಅರ್ಥ ಆಗಲ್ಲ."

ಭಾನುವಾರ ಸಮನ್ವಿತಾ, ಶ್ರೀಕರ್ ಇಬ್ಬರೂ ಕನಕಪುರ ರಸ್ತೆಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಬೇಕಾಗಿತ್ತು. ಅಲ್ಲಿ ಮಗುವಿಗೆ ಬೋರಾಗುತ್ತದೆ ಎಂದು ಬಿಟ್ಟು ಹೋದರು. ಮಗು ಉಜ್ಜಿ ಕೊಳೆ ಮಾಡುತ್ತದೆಂದು ಸತ್ಯಭಾಮಾ ಒಂದು ಹಳೆಯ ಕಾಟನ್ ಸೀರೆ ಉಟ್ಟಳು. ಆಟೋದಲ್ಲೇ ಮಗು ನಿದ್ದೆ ಹೋಯಿತು. ಭುಜದ ಮೇಲೆ ಹಾಕಿಕೊಂಡು ಹಾಲ್ ಒಳಗೆ ಹೋದಳು.

ಕುರ್ಚಿಗಳನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನ ಮುಂದೆಯೂ ಒಂದೊಂದು ರಟ್ಟಿನ ಬೋರ್ಡು ನಿಲ್ಲಿಸಿದ್ದರು. ಬಲಕ್ಕೆ 'ಎಲ್ಲ ಮಕ್ಕಳಿಗೂ', ಎಡಕ್ಕೆ 'ಬಡ ಮಕ್ಕಳಿಗೆ ಮಾತ್ರ', ನಡುವೆ 'ಫಲಾನುಭವಿಗಳು'. ಯೋಜನೆಯೇ ಇನ್ನೂ ಬಂದಿಲ್ಲವಾದ್ದರಿಂದ ಫಲಾನುಭವಿಗಳು ಎಲ್ಲಿಂದ ಬಂದರು ಎಂದು ಯಾರೂ ಕೇಳಲಿಲ್ಲ. ಸೀನು ಕೇಳಿದ್ದು ಬೇರೆ. 'ಯಾರಿಗೂ ಬೇಡ' ಅನ್ನುವವರಿಗೆ ಕುರ್ಚಿ ಎಲ್ಲಿ ಎಂದು. ಸಂಘಟಕರು ಆ ವಿಷಯ ತಮಗೆ ಹೊಳೆಯಲಿಲ್ಲವೆಂದು ಕ್ಷಮೆ ಕೇಳಿದರು. ಅವನು ಪ್ರತಿಭಟನೆಯನ್ನು ದಾಖಲಿಸಿಕೊಳ್ಳಿ ಎಂದು ಹೇಳಿ ಎಡಗಡೆ ಹೋಗಿ ಕೂತ.

"ಸತ್ಯಭಾಮಾ, ಇಲ್ಲಿ ಬನ್ರೀ. ಕರ್ಚೀಫ್ ಹಾಕಿದೀನಿ" ಎಂದು ಜಯದೇವಿ ನಡುವಿನ ಸಾಲಿನಿಂದ ಕೈಯೆತ್ತಿದಳು. ಅವಳು ಮುಂಚೆಯೇ ಬಂದು, ತನ್ನ ಪಕ್ಕದ ಕುರ್ಚಿಯ ಮೇಲೆ ಗುಲಾಬಿ ಅಂಚಿನ ಕರ್ಚೀಫ್ ಹರಡಿ ಕಾಯುತ್ತಿದ್ದಳು.

"ಇದು ಫಲಾನುಭವಿಗಳದ್ದು ಅಂತ ಹಾಕಿದಾರಲ್ರೀ?"

"ಆಗ್ಲಿ ಬಿಡಿ. ತಿರುಗೋ ಫ್ಯಾನು ಇದೊಂದೇ ಕಡೆ ಇರೋದು. ಸೆಕೆ ಏನು ಬಿಪಿಎಲ್ ಕಾರ್ಡ್ ನೋಡಿ ಬರುತ್ತಾ?"

ಸತ್ಯಭಾಮಾ ಕೂತಳು. ಕರ್ಚೀಫ್ ಹಾಕಿಟ್ಟ ಜಾಗವನ್ನು ಬಿಟ್ಟು ಬೇರೆ ಕಡೆ ಕೂತರೆ ಜಯದೇವಿಗೆ ಅವಮಾನ ಮಾಡಿದ ಹಾಗಾಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡಿದ್ದ ಒಬ್ಬ ಹುಡುಗಿ ಬಂದು, "ಆಂಟಿ, ಈ ಸೀಟು ರಿಸರ್ವ್ ಆಗಿದೆ" ಎಂದಳು.

"ನಾವೂ ರಿಸರ್ವ್ ಮಾಡಿದೀವಲ್ಲಮ್ಮ" ಎಂದು ಜಯದೇವಿ ಕರ್ಚೀಫನ್ನು ತೋರಿಸಿದಳು.

ಹುಡುಗಿ ಕರ್ಚೀಫ್ ನೋಡಿದಳು, ಸತ್ಯಭಾಮಾಳ ಸೀರೆ ನೋಡಿದಳು, ತೊಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ ಮಗುವನ್ನು ನೋಡಿದಳು. "ಸರಿ, ನೀವು ಕೂತ್ಕೊಳಿ ಆಂಟಿ" ಎಂದು ದನಿ ಮೆತ್ತಗೆ ಮಾಡಿಕೊಂಡು ಹೋದಳು. ಜಯದೇವಿ ವಜ್ರದ ಓಲೆ ಮುಚ್ಚುವ ಹಾಗೆ ಸೆರಗನ್ನು ಕಿವಿಯ ತನಕ ಎಳೆದುಕೊಂಡಳು.

ಅಷ್ಟರಲ್ಲಿ ನಿಜವಾದ ಫಲಾನುಭವಿಗಳು ಬಂದರು. ಕೋಣನಕುಂಟೆಯಿಂದ ಒಂದು ಟೆಂಪೋ ಟ್ರಾವೆಲರ್ ತುಂಬ ಹೆಂಗಸರು. ಕಾರ್ಪೊರೇಷನ್ ಚುನಾವಣೆಗೆ ನಿಲ್ಲಬೇಕೆಂದಿದ್ದ ಯಾರೋ ಕರೆದುಕೊಂಡು ಬಂದಿದ್ದರು, ಮಧ್ಯಾಹ್ನಕ್ಕೆ ಊಟ ಇತ್ತು. ಅವರಲ್ಲಿ ಒಬ್ಬಳು, ಕೊರಳಲ್ಲಿ ಹಗ್ಗದಷ್ಟು ದಪ್ಪ ಸರ ಹಾಕಿದ್ದವಳು, ಜಯದೇವಿ ಕರ್ಚೀಫನ್ನು ತನ್ನ ಕುರ್ಚಿಗೆ ಹಾಕಿ ನೀರು ಕುಡಿಯಲು ಎದ್ದು ಹೋಗಿದ್ದಾಗ ಆ ಕುರ್ಚಿಯ ಬೆನ್ನು ಹಿಡಿದಳು.

"ಇಲ್ಲಿ ಕುಂತ್ಕಬೌದಾ?"

"ಇಲ್ಲ, ಕರ್ಚೀಫ್ ಹಾಕಿದಾರೆ. ಈ ಕಡೇದು ಖಾಲಿ ಇದೆ."

"ಕರ್ಚೀಪ್ ಹಾಕವ್ರಾ? ಹಂಗಾರೆ ಬುಡಿ." ಅವಳು ಸುತ್ತಿ ಬಂದು ಸತ್ಯಭಾಮಾಳ ಇನ್ನೊಂದು ಪಕ್ಕದಲ್ಲಿ ಕೂತಳು. ಹೆಸರು ನಾರಾಯಣಮ್ಮ ಎಂದು ತಾನೇ ಹೇಳಿದಳು. "ಮೊಮ್ಮಗ್ಳಾ?"

"ಹೂಂ. ಮಗಳ ಮಗಳು."

"ನಿಮ್ ತಾವೇ ಬುಟ್ಟವ್ರಾ?"

"ಬೆಳಿಗ್ಗೆ ಬಿಟ್ಟು ಕತ್ತಲಾದ್ಮೇಲೆ ಕರ್ಕೊಂಡು ಹೋಗ್ತಾರೆ."

"ಪರ್ವಾಗಿಲ್ಲ, ಕರ್ಕಂಡಾದ್ರೂ ಹೋಯ್ತಾರೆ. ನಮ್ಮವು ರಾತ್ರಿನೂ ನಮ್ ತಾವೇ ಬಿದ್ದಿರ್ತವೆ."

ನೀರು ಕುಡಿದು ಬಂದ ಜಯದೇವಿಯ ಕಣ್ಣು ಆ ಸರದ ಮೇಲೇ ಇತ್ತು. "ನೀವೂ ಭತ್ಯೆಗೆ ಅರ್ಜಿ ಹಾಕ್ತೀರಾ?" ಎಂದಳು.

"ಹಾಕ್ದೆ? ಗೌರ್ಮೆಂಟು ಕೊಟ್ರೆ ಬ್ಯಾಡ ಅಂತೀನಾ?"

"ಅಲ್ಲ, ನಿಮಗೆ ಅನುಕೂಲ ಇದ್ದ ಹಾಗಿದೆ."

"ಐತೆ. ಇಲ್ಲಾ ಅನ್ನಲ್ಲ. ಹೊಲ ಇದ್ದ ತಾವ ಈಗ ಬಿಲ್ಡಿಂಗ್ ಐತೆ. ಬಾಡ್ಗೆ ಎಲ್ಲಾ ನಮ್ಮೆಜಮಾನ್ರ ಕೈಗೆ ಬತ್ತದೆ. ಮೊಮ್ಮಕ್ಳು ನನ್ ಕೈಗೆ ಬತ್ತವೆ."

"ಕೇಳಿದ್ರೆ ಕೊಡಲ್ವಾ ಅವರು?"

"ಕೊಡ್ತಾರಮ್ಮ. ಒಳ್ಳೇರೇ. ಯಾತಕ್ಕೆ ಅಂತಾರೆ. ಅಷ್ಟೇಯ." ನಾರಾಯಣಮ್ಮ ಸರವನ್ನು ಬೆವರಿನಿಂದ ಬಿಡಿಸಿಕೊಂಡಳು. "ಯಾತಕ್ಕೆ ಅಂತ ಕೇಳ್ದಲೆ ಕೊಡೋದು ಗೌರ್ಮೆಂಟ್ ಒಂದೇಯ."

ಜಯದೇವಿ ನಕ್ಕಳು. ಸತ್ಯಭಾಮಾಗೆ ನಗು ಬರಲಿಲ್ಲ. ಯಾತಕ್ಕೆ ಅನ್ನುವ ಪ್ರಶ್ನೆಯನ್ನು ತನ್ನ ಮಧ್ಯಾಹ್ನಗಳಿಗೆ ಹೊಂದಿಸಿ ನೋಡುತ್ತಾ ಕೂತಳು.

ಚರ್ಚೆ ನಡೆಸಿಕೊಡುತ್ತಿದ್ದವನು ಯೂಟ್ಯೂಬ್ ಚಾನೆಲ್ಲಿನ ಶಿವಕಿರಣ್. ಚೂಪು ಗಡ್ಡ, ಕೈಯಲ್ಲಿ ಮೈಕು. ಮೊದಲು ಒಬ್ಬ ಅರ್ಥಶಾಸ್ತ್ರದ ಮೇಡಂ ಮಾತಾಡಿದರು. ಬಡವರನ್ನು ಆರಿಸುವ ಖರ್ಚೇ ಜಾಸ್ತಿ, ಆದ್ದರಿಂದ ಎಲ್ಲ ಮಕ್ಕಳಿಗೂ ಕೊಡಿ ಎಂದರು. ಬಲಗಡೆಯವರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು, ಕಾರಿನಲ್ಲಿ ಸ್ಕೂಲಿಗೆ ಹೋಗುವ ಮಗುವಿಗೆ ಯಾಕೆ ಎಂದರು. ಎಡಗಡೆಯವರು ತಟ್ಟಿದರು. ಫಲಾನುಭವಿಗಳು ಎರಡಕ್ಕೂ ತಟ್ಟಿದರು.

ಆಮೇಲೆ ಸೀನು. ಸತ್ಯಭಾಮಾ ಮಗುವನ್ನು ಎಡತೋಳಿಗೆ ಸರಿಸಿಕೊಂಡು ಬಲಗೈಯಲ್ಲಿ ಮೊಬೈಲು ಎತ್ತಿದಳು. ಅವನು ಚೆನ್ನಾಗಿಯೇ ಮಾತಾಡಿದ. ಮಕ್ಕಳನ್ನು ಹೆರುವುದು ಅವರವರ ಇಷ್ಟ, ಸಾಕುವುದು ಅವರವರ ಹೊಣೆ, ತೆರಿಗೆದಾರರು ನಡುವೆ ಎಲ್ಲಿಂದ ಬಂದರು ಎಂದ. ಎಲ್ಲ ಅವಳು ಕೇಳಿದ್ದೇ. ಕೊನೆಗೆ ಒಂದು ಹೊಸ ಮಾತು ಸೇರಿಸಿದ.

"ನಮ್ಮ ಮನೆಯನ್ನೇ ತಗೊಳ್ಳಿ. ಮಗಳು, ಅಳಿಯ ಇಬ್ಬರೂ ದುಡೀತಾರೆ. ಮೊಮ್ಮಗಳನ್ನ ನಾವು ಸಾಕ್ತಾ ಇದೀವಿ. ಯಾರ ಹತ್ತಿರಾನೂ ಕೈ ಚಾಚಿಲ್ಲ. ಈಗ ಎರಡನೇದು ಬರ್ತಾ ಇದೆ. ಅದನ್ನೂ ನಾವೇ ಸಾಕ್ತೀವಿ. ಒಂದು ಕುಟುಂಬ ಅಂದ್ರೆ ಅದು."

ಈ ಸಲ ಚಪ್ಪಾಳೆ ಮೂರೂ ಕಡೆಯಿಂದ ಬಂತು. ಸತ್ಯಭಾಮಾಳ ಮೊಬೈಲು ವಾರೆಯಾಗಿ ವಿಡಿಯೋದಲ್ಲಿ ಸ್ವಲ್ಪ ಹೊತ್ತು ಫ್ಯಾನು ಬಂತು. ಅವಳು ಇನ್ನೂ ತನ್ನ ಅಕ್ಕತಂಗಿಯರಿಗೂ ಹೇಳಿರದ ಸುದ್ದಿ ಹಾಲ್‌ನಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು. ಅವಳು ಒಪ್ಪಿದ್ದಾಳೆ ಅನ್ನುವುದೂ ಗೊತ್ತಾಗಿತ್ತು.

"ಈಗ ಫಲಾನುಭವಿಗಳ ಮಾತು ಕೇಳೋಣ" ಎಂದು ಶಿವಕಿರಣ್ ಇಳಿದು ಬಂದು, ಸಾಲಿನ ಮೇಲೆ ಕಣ್ಣಾಡಿಸಿ, ಮಗು ಇದ್ದ ತೊಡೆಯನ್ನು ಆರಿಸಿಕೊಂಡ. ಜಯದೇವಿ ಚೀಲದಲ್ಲಿ ಏನೋ ಹುಡುಕತೊಡಗಿದಳು.

"ಅಮ್ಮ, ನಿಮ್ಮ ಹೆಸರು? ಯಾವ ಏರಿಯಾ?"

"ಸತ್ಯಭಾಮಾ. ಟಿ ಬ್ಲಾಕು."

"ತಿಲಕ್ ನಗರದ ಪಕ್ಕ ಅಲ್ವಾ. ಈ ಮಗೂನ ಯಾರು ನೋಡ್ಕೊಳ್ಳೋದಮ್ಮ?"

"ನಾನು."

"ತಾಯಿ?"

"ಕೆಲಸಕ್ಕೆ ಹೋಗ್ತಾಳೆ."

"ಪಾಪ" ಎಂದ ಶಿವಕಿರಣ್. ಸಮನ್ವಿತಾ ಒಂದು ವಿಮಾ ಕಂಪನಿಯಲ್ಲಿ ಮ್ಯಾನೇಜರು. ಅದನ್ನು ಹೇಳಬೇಕೋ ಬೇಡವೋ ಎಂದು ಸತ್ಯಭಾಮಾ ಯೋಚಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು. "ಮನೇಲಿ ಬೇರೆ ಯಾರಿದಾರೆ?"

"ನಮ್ಮನೆಯವರು."

"ಅವರು ಕೆಲಸಕ್ಕೆ ಹೋಗ್ತಾರಾ?"

"ಇಲ್ಲ."

ಶಿವಕಿರಣ್ ಬಗ್ಗಿ ದನಿ ತಗ್ಗಿಸಿದ. ಮೈಕು ತಗ್ಗಿಸಲಿಲ್ಲ. "ಕುಡೀತಾರಾ?"

"ಕಾಫಿ."

ಹಾಲ್ ನಕ್ಕಿತು. ನಾರಾಯಣಮ್ಮ ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದಳು.

"ಮತ್ತೆ ಮನೇಲೇ ಇರ್ತಾರಲ್ಲ, ಮಗು ನೋಡ್ಕೊಳ್ಳಲ್ವಾ?"

"ಅವರು ಭಾಷಣ ಮಾಡ್ತಾರೆ. ಮಗು ಕೇಳುತ್ತೆ."

ನಗಿಸಬೇಕೆಂದು ಅವಳು ಹೇಳಿರಲಿಲ್ಲ. ನಡೆಯುವುದು ಹಾಗೆಯೇ ಇತ್ತು.

"ಸರಿ ಅಮ್ಮ. ನಾಳೆ ಭತ್ಯೆ ಬಂತು ಅಂತಿಟ್ಕೊಳ್ಳಿ. ಯಾರಿಗೆ ಬರಬೇಕು? ತಾಯಿಗಾ, ತಂದೆಗಾ?"

ನಮಗೆ ಬೇಡಪ್ಪ, ನಾವು ಫ್ಯಾನಿನ ಗಾಳಿಗೆ ಕೂತವರು ಎಂದು ಹೇಳಲು ಸತ್ಯಭಾಮಾ ಬಾಯಿ ತೆರೆದಳು. ಮಗುವಿನ ತಲೆ ಬಿದ್ದುಬಿದ್ದು ತೋಳು ಜೋಮು ಹಿಡಿದಿತ್ತು.

"ನನಗೆ" ಎಂದಳು.

"ನಿಮಗಾ? ಅಜ್ಜಿಗೆ?"

"ನೋಡ್ಕೊಳ್ಳೋದು ನಾನಲ್ವಾ."

ಕೋಣನಕುಂಟೆಯವರು ಚಪ್ಪಾಳೆ ಹೊಡೆದರು. ಶಿವಕಿರಣ್‌ಗೆ ಹುರುಪು ಬಂತು. "ಈಗ ಆ ಕಡೆ ಸಾರ್ ಹೇಳಿದ್ರಲ್ಲ, ಎರಡನೇ ಮೊಮ್ಮಗೂನೂ ನಾವೇ ಸಾಕ್ತೀವಿ ಅಂತ. ಅವರಿಗೆ ಅನುಕೂಲ ಇದೆ, ಹೇಳ್ತಾರೆ. ನಿಮ್ಮಂಥವರ ಮನೇಲಿ ಎರಡನೇದು ಬಂದ್ರೆ? ಅದನ್ನೂ ನೀವೇ ನೋಡ್ಕೋತೀರಾ?"

"ಗೊತ್ತಿಲ್ಲ. ನನ್ನನ್ನ ಯಾರೂ ಕೇಳಿಲ್ಲ."

ಎಡಗಡೆಯ ಸಾಲಿನಲ್ಲಿ ಸೀನು ಎದ್ದು ನಿಂತ. "ಒಂದು ಸ್ಪಷ್ಟನೆ. ಅವರು ನನ್ನ ಹೆಂಡತಿ" ಎಂದ.

ಶಿವಕಿರಣ್ ಆ ಕಡೆ ನೋಡಿದ, ಈ ಕಡೆ ನೋಡಿದ. ಮೈಕಿನಲ್ಲಿ ಅವನ ಉಸಿರು ಕೇಳಿಸಿತು. "ಸಾರಿ ಮೇಡಂ" ಎಂದು ಸತ್ಯಭಾಮಾಗೆ ಹೇಳಿ, ಮೈಕನ್ನು ನಾರಾಯಣಮ್ಮನಿಗೆ ಕೊಟ್ಟ. ನಾರಾಯಣಮ್ಮ ಅದನ್ನು ಹಿಡಿದುಕೊಂಡೇ ಸತ್ಯಭಾಮಾಳ ಕಡೆ ತಿರುಗಿದಳು. "ಅವ್ರೇನಾ ನಿಮ್ಮೆಜಮಾನ್ರು? ಚೆನ್ನಾಗ್ ಮಾತಾಡುದ್ರು." ಅದು ಇಡೀ ಹಾಲ್‌ಗೆ ಕೇಳಿಸಿತು.

ವಾಪಸು ಬರುವಾಗ ಆಟೋ ನಾಲ್ಕನೇ ಬ್ಲಾಕ್ ದಾಟಿತು.

"ಫಲಾನುಭವಿಗಳ ಸಾಲಲ್ಲಿ ಯಾಕೆ ಕೂತೆ?" ಎಂದ ಸೀನು.

"ಜಯದೇವಿ ಕರ್ಚೀಫ್ ಹಾಕಿದ್ರು."

ಸೀನು ಸ್ವಲ್ಪ ಯೋಚಿಸಿ, "ಹಾಗಾದ್ರೆ ಸರಿ" ಎಂದ. ಅವನೂ ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದವನೇ. "ಆದ್ರೆ ನೀನು ಹೇಳಿದ್ದು ವಿಷಯಕ್ಕೆ ಸಂಬಂಧಪಟ್ಟಿದ್ದಲ್ಲ. ಚರ್ಚೆ ಇದ್ದಿದ್ದು ಸರ್ಕಾರ ಯಾರಿಗೆ ಕೊಡಬೇಕು ಅಂತ."

"ಹೌದು."

"ನಮ್ಮ ಮನೆ ವಿಷಯ ಅಲ್ಲ."

"ನಮ್ಮ ಮನೆ ವಿಷಯ ಎತ್ತಿದ್ದು ನೀವು."

"ನಾನು ಉದಾಹರಣೆ ಕೊಟ್ಟೆ" ಎಂದ ಸೀನು. ತನ್ಮಯಿ ಎಚ್ಚರವಾಗಿ ದೋಸೆ ಬೇಕು ಎಂದಿತು. ದೋಸೆ ಸಿಗುವ ಕಡೆ ಆಟೋ ನಿಲ್ಲಿಸಿದರು.

ಅವರು ಮನೆ ಸೇರುವ ಮುಂಚೆಯೇ ಶಿವಕಿರಣ್‌ನ ಚಾನೆಲ್ಲಿನ ವಿಡಿಯೋ ಎಲ್ಲರ ಮನೆಗೂ ಹೋಗಿತ್ತು. 'ಜಯನಗರದ ಅಜ್ಜಿಯ ಪ್ರಶ್ನೆಗೆ ಉತ್ತರ ಯಾರ ಹತ್ತಿರ ಇದೆ?' ಎಂದು ಅದಕ್ಕೆ ಶೀರ್ಷಿಕೆ. ಅವಳು ಪ್ರಶ್ನೆಯನ್ನೇ ಕೇಳಿರಲಿಲ್ಲ. ಕೆಳಗೆ ಕೆಲವರು, ಇಷ್ಟು ಅನುಕೂಲ ಇದ್ದೂ ಈ ಹೆಂಗಸಿಗೆ ದುರಾಸೆ ಎಂದು ಬರೆದಿದ್ದರು. ಕೆಲವರು ಇವರನ್ನೇ ಚುನಾವಣೆಗೆ ನಿಲ್ಲಿಸಿ ಎಂದು ಬರೆದಿದ್ದರು.

ಸಂಜೆ ಸಮನ್ವಿತಾ ಗೃಹಪ್ರವೇಶದ ರೇಷ್ಮೆ ಸೀರೆಯಲ್ಲೇ ಬಂದಳು. ಹಿಂದೆ ಶ್ರೀಕರ್ ತಾಂಬೂಲದ ಚೀಲ ಹಿಡಿದುಕೊಂಡು ಬಂದ. ಅವಳು ಕೂರಲಿಲ್ಲ.

"ಅಮ್ಮ, ಅಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಆಫೀಸಿನವಳು ತೋರಿಸಿದ್ಲು. ನಾನು ಪಾಪ ಅಂತೆ."

"ನಾನು ಅನ್ಲಿಲ್ಲ. ಆ ಹುಡುಗ ಅಂದ."

"ನಿನಗೆ ದುಡ್ಡು ಬೇಕಿದ್ರೆ ನನ್ನ ಕೇಳಬಹುದಿತ್ತಲ್ಲ. ಊರಿಗೆಲ್ಲ ಹೇಳ್ಬೇಕಾಗಿತ್ತಾ?"

"ದುಡ್ಡು ಬೇಕು ಅಂತ ಅಲ್ಲ ಕಣೆ."

"ಯಾರಿಗೆ ಕೊಡಬೇಕು ಅಂದ್ರೆ ನನಗೆ ಅಂದೆ."

"ಅವನು ಹಾಗೆ ಕೇಳಿದ, ಅದಕ್ಕೆ ಹಾಗೆ ಹೇಳಿದೆ."

ಶ್ರೀಕರ್ ಚೀಲವನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡ. ಅವನು ಆರ್ಕಿಟೆಕ್ಟು. ಎಂಥ ಇಕ್ಕಟ್ಟಿನ ಸೈಟಿನಲ್ಲೂ ಒಂದು ಬಾತ್‌ರೂಮು ಹೊಂದಿಸುವವನು. "ಅತ್ತೆ, ನೀವು ತಪ್ಪು ತಿಳ್ಕೋಬೇಡಿ. ನಾವು ಇದನ್ನ ಮುಂಚೇನೇ ಯೋಚನೆ ಮಾಡ್ಬೇಕಾಗಿತ್ತು. ಪ್ರತಿ ತಿಂಗಳು ನಿಮ್ಮ ಅಕೌಂಟಿಗೆ ಇಷ್ಟು ಅಂತ ಹಾಕ್ತೀನಿ. ಎರಡನೇದು ಬಂದ್ಮೇಲೆ ಜಾಸ್ತಿ ಮಾಡೋಣ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಸತ್ಯಭಾಮಾ ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟು ನೋಡಿದಳು. ತೆಗೆದುಕೊಂಡರೆ ಎರಡನೆಯದಕ್ಕೂ ಒಪ್ಪಿದ ಹಾಗೆ. ಸಂಬಳ ತಗೊಂಡು ಮಧ್ಯಾಹ್ನ ಮಲಗುತ್ತೇನೆ ಅನ್ನುವ ಹಾಗಿಲ್ಲ. ನಾಳೆ ಜ್ವರ ಬಂದರೆ ರಜೆ ಕೇಳಬೇಕು.

"ದುಡ್ಡು ಬೇಡಪ್ಪ" ಎಂದಳು. "ಎರಡನೇದನ್ನ ನೋಡ್ಕೊಳ್ಳೋದು ನನಗೆ ಆಗುತ್ತೋ ಇಲ್ವೋ ಅಂತ ಹೇಳ್ತಾ ಇರೋದು."

ಈಗ ಸಮನ್ವಿತಾ ಕೂತಳು.

"ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ."

"ಮತ್ತೆ? ಎಲ್ಲಾದ್ರೂ ಹೋಗ್ಬೇಕಾ? ಏನಾದ್ರೂ ಕ್ಲಾಸಿಗೆ ಸೇರ್ಕೋಬೇಕಾ?"

"ಏನೂ ಇಲ್ಲ. ಮಧ್ಯಾಹ್ನ ಮಲಗಬೇಕು."

ಸೀನು ಹೆಂಡತಿಯನ್ನು ನೋಡಿದ. ಈ ಮಾತನ್ನು ಈ ಕೋಣೆಯಲ್ಲಿ ಇನ್ನೊಂದು ದನಿಯಲ್ಲಿ ಅವನು ಕೇಳಿದ್ದ. ಆಗ ಅವನು ಏನೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

"ನಾನು ಕೆಲಸ ಬಿಡಬೇಕಾಗುತ್ತೆ ಅಮ್ಮ" ಎಂದಳು ಸಮನ್ವಿತಾ ಮೆಲ್ಲಗೆ. "ಗೊತ್ತಲ್ವಾ ನಿನಗೆ?"

"ಗೊತ್ತು."

"ಅಜ್ಜಿ ಹೀಗೆ ಅಂದಿದ್ದಕ್ಕೇ ನೀನು ಬಿಟ್ಟಿದ್ದು. ಎಷ್ಟು ಸಲ ಹೇಳಿದೀಯ."

"ಹೇಳಿದೀನಿ. ಅವರು ಮೊದಲೇ ಹೇಳಿಬಿಟ್ರು. ನಾನು ನಾಲ್ಕು ವರ್ಷ ಆದ್ಮೇಲೆ ಹೇಳ್ತಾ ಇದೀನಿ."

"ತನ್ಮಯಿನ ನೋಡ್ಕೊಳ್ಳೋದು ಇಷ್ಟ ಇರ್ಲಿಲ್ವಾ ನಿನಗೆ?"

"ಇಷ್ಟ ಇತ್ತು. ಈಗಲೂ ಇದೆ."

ಇಷ್ಟ ಇಲ್ಲ ಅಂದಿದ್ದರೆ ಮಗಳಿಗೆ ಜಗಳವಾಡುವುದಕ್ಕೆ ಸುಲಭವಾಗುತ್ತಿತ್ತು. ಸತ್ಯಭಾಮಾಗೂ ಸುಲಭವಾಗುತ್ತಿತ್ತು. ಸಮನ್ವಿತಾ ಹೊಟ್ಟೆಯ ಮೇಲಿನ ಜರಿಯನ್ನು ಉಗುರಿನಿಂದ ಗೀರುತ್ತಾ ಕೂತಿದ್ದಳು. ಚಿಕ್ಕವಳಿದ್ದಾಗಲೂ ಅಳು ತಡೆಯಬೇಕಾದರೆ ಹಾಗೇ ಮಾಡುತ್ತಿದ್ದಳು. ಹತ್ತಿರ ಹೋಗಿ ತಲೆ ಸವರಿದರೆ ಎಲ್ಲ ಮೊದಲಿನ ಹಾಗೆ ಆಗಿಬಿಡುತ್ತದೆ ಎಂದು ಸತ್ಯಭಾಮಾಗೆ ಗೊತ್ತಿತ್ತು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ಅದು ಸುಲಭವಾಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ಮಗುವನ್ನು ಎತ್ತಿಕೊಂಡು ಹೋದರು. ತಾಂಬೂಲದ ಚೀಲ ಮೇಜಿನ ಮೇಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಕಾರು ಎಂದಿನ ಹೊತ್ತಿಗೇ ಬಂತು. ದಿನವೂ ಸಮನ್ವಿತಾ ಗೇಟಿನಲ್ಲೇ ಮಗುವನ್ನು ಇಳಿಸಿ, ಚೀಲ ಕೊಟ್ಟು, "ಬರ್ತೀನಮ್ಮ" ಎಂದು ಕೂಗಿ ಹೊರಟುಬಿಡುತ್ತಿದ್ದಳು. ಈ ದಿನ ಗಾಡಿ ಪಾರ್ಕ್ ಮಾಡಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಣ್ಣು ಊದಿಕೊಂಡಿತ್ತು. ತನ್ಮಯಿ ನೇರ ಹಿತ್ತಿಲಿಗೆ ಓಡಿತು. ಸೀನು ಪೇಪರು ಓದುತ್ತಿದ್ದ.

"ನಮ್ಮನೆ ಹತ್ತಿರ ಒಂದು ಡೇಕೇರ್ ಇದೆ" ಎಂದಳು ಸಮನ್ವಿತಾ. "ಚಿಕ್ಕ ಮಕ್ಕಳನ್ನ ಮಧ್ಯಾಹ್ನದಿಂದ ಸಂಜೆವರೆಗೂ ಇಟ್ಕೋತಾರಂತೆ. ಬೆಳಿಗ್ಗೆ ಹೊತ್ತು ಇಟ್ಕೊಳ್ಳಲ್ಲ."

"ಹೂಂ."

"ಎರಡನೇದನ್ನ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ನೀನು ನೋಡ್ಕೊಳ್ತೀಯಾ? ಆಮೇಲೆ ಯಾರಾದ್ರೂ ಬಂದು ಅಲ್ಲಿಗೆ ಕರ್ಕೊಂಡು ಹೋಗ್ತಾರೆ. ಆಗಲ್ಲ ಅಂದ್ರೆ ಆಗಲ್ಲ ಅನ್ನು. ಬೇರೆ ಏನಾದ್ರೂ ನೋಡ್ತೀನಿ." ಅವಳು ಇದನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದವಳ ಹಾಗೆ ಒಂದೇ ಉಸಿರಿಗೆ ಹೇಳಿದಳು.

ಪೇಪರಿನ ಹಿಂದಿನಿಂದ ಸೀನು, "ಈ ಮನೇಲಿ ನನ್ನನ್ನೂ ಯಾರೂ ಒಂದು ಮಾತು ಕೇಳಲಿಲ್ಲ" ಎಂದ.

ಸಮನ್ವಿತಾ ಆ ಕಡೆ ತಿರುಗಿದಳು. "ನೀನು ನೋಡ್ಕೊಳ್ತೀಯಾ ಅಪ್ಪ?"

ಪೇಪರು ಸ್ವಲ್ಪ ಕೆಳಗಿಳಿಯಿತು. ಅವನು ತಾಯಿ ಮಗಳಿಬ್ಬರನ್ನೂ ಕನ್ನಡಕದ ಮೇಲಿನಿಂದ ನೋಡಿದ. "ನಾನು ತಾತ್ವಿಕವಾಗಿ ಹೇಳ್ದೆ" ಎಂದ.

"ಯೋಚನೆ ಮಾಡಿ ಅಪ್ಪ" ಎಂದಳು ಸಮನ್ವಿತಾ ಆಫೀಸಿನ ದನಿಯಲ್ಲಿ. ಸಿಟ್ಟು ಬಂದಾಗ ಅವಳು ಅಪ್ಪನನ್ನು ನೀವು ಅನ್ನುತ್ತಿದ್ದಳು. ಸೀನು ಪೇಪರನ್ನು ಮಡಿಸಿದ. ಮತ್ತೆ ಬಿಚ್ಚಲಿಲ್ಲ.

ಸತ್ಯಭಾಮಾಗೆ ಆಗಲಿ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಊಟದ ಹೊತ್ತಿನವರೆಗೆ ತಾನೇ. ಮಗಳ ಮುಖ ನೋಡಿದರೆ ಯಾರಿಗಾದರೂ ಬರುತ್ತಿತ್ತು. ಅದನ್ನು ನುಂಗಿಕೊಂಡು, "ಶುಕ್ರವಾರ ಹೇಳ್ತೀನಿ" ಎಂದಳು.

"ಶುಕ್ರವಾರ ಆಗಲ್ಲ ಅಂದ್ರೆ?"

"ಆಗಲ್ಲ ಅಂತ ಹೇಳ್ತೀನಿ."

ಸಮನ್ವಿತಾ ತಲೆಯಾಡಿಸಿದಳು. ಹೋಗುವಾಗ ಅಡುಗೆಮನೆಯಲ್ಲಿ ನಿಂತುಕೊಂಡೇ ಅರ್ಧ ಲೋಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು. ಕಾರು ತಿರುಗಿಸಿಕೊಂಡು ಹೋಗುವ ಸದ್ದನ್ನು ಸತ್ಯಭಾಮಾ ಬಾಗಿಲಲ್ಲಿ ನಿಂತು ಕೇಳಿದಳು. ಉತ್ತರ ಏನು ಎಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಶುಕ್ರವಾರಕ್ಕೆ ಇನ್ನೂ ದಿನಗಳಿದ್ದವು. ಅವಳಿಗೆ ಅವಸರವೇನೂ ಇರಲಿಲ್ಲ.